ಒಂದು ನೂಲು ಎಡಕ್ಕೆ

‘ಕ್ಯಾರವಾನ್‌ನಲ್ಲಿ ಕೆಲಸ’ ಎಂದರೆ ನಮ್ಮೂರಿನಲ್ಲಿ ಬರುವ ಮೊದಲ ಪ್ರಶ್ನೆ, ‘ಯಾವ ಹೀರೋ ಹತ್ರ?’ ತಪ್ಪು ಅವರದಲ್ಲ. ನಮ್ಮ ಕಡೆ ಕ್ಯಾರವಾನ್ ಎಂದರೆ ಶೂಟಿಂಗ್ ಸ್ಪಾಟಿನಲ್ಲಿ ನಿಂತಿರುವ, ನಟ ನಟಿಯರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಬಿಳಿ ಗಾಡಿ. ನಾನಿರುವ ಗಾಡಿ ಅದಲ್ಲ. ಇದು ಬಾಡಿಗೆಗೆ ಹೋಗುವ ಮನೆ. ನಾಲ್ಕು ಜನ ಮಲಗುವಷ್ಟು ಹಾಸಿಗೆ, ಒಂದು ಪುಟ್ಟ ಅಡುಗೆ ಕಟ್ಟೆ, ಫ್ರಿಜ್, ಶವರ್, ಶೌಚಾಲಯ ಎಲ್ಲವೂ ಟೆಂಪೊ ಟ್ರಾವೆಲರ್‌ನಂಥ ಗಾಡಿಯ ಹೊಟ್ಟೆಯೊಳಗೆ. ಬೆಂಗಳೂರಿನ ಕುಟುಂಬಗಳು ಎರಡು ಮೂರು ದಿನಕ್ಕೆ ಬುಕ್ ಮಾಡುತ್ತವೆ. ಡ್ರೈವರಣ್ಣ ಓಡಿಸುತ್ತಾನೆ, ನಾನು ಉಳಿದದ್ದೆಲ್ಲ ಮಾಡುತ್ತೇನೆ. ನೀರು ತುಂಬಿಸುವುದು, ಬ್ಯಾಟರಿ ನೋಡುವುದು, ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವುದು (ಇದನ್ನು ಊರಲ್ಲಿ ಹೇಳಿಲ್ಲ), ಮತ್ತು ಗಾಡಿಯನ್ನು ಮಟ್ಟಸವಾಗಿ ನಿಲ್ಲಿಸುವುದು.

ಈ ಕೊನೆಯ ಕೆಲಸದ ಬಗ್ಗೆಯೇ ಬರೆಯಬೇಕೆಂದು ಕೂತಿದ್ದೇನೆ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಊರು ತಿಪಟೂರಿನ ಹತ್ತಿರದ ಒಂದು ಹಳ್ಳಿ. ಅಪ್ಪ ಗಾರೆ ಮೇಸ್ತ್ರಿ. ಚಿಕ್ಕಂದಿನಲ್ಲಿ ಬೇಸಿಗೆ ರಜೆ ಬಂತೆಂದರೆ ಅಪ್ಪನ ಜತೆ ಸೈಟಿಗೆ ಹೋಗಿ ಲೆವೆಲ್ ಪೈಪಿನ ಒಂದು ತುದಿ ಹಿಡಿದು ನಿಲ್ಲುವುದು ನನ್ನ ಪಾಲಿನ ಕೆಲಸ. ಕೈ ಒಂಚೂರು ಅಲ್ಲಾಡಿದರೆ ನೀರು ಚೆಲ್ಲುತ್ತಿತ್ತು, ಅಪ್ಪ ಬೈಯುತ್ತಿದ್ದ. ಎಸ್ಸೆಸ್ಸೆಲ್ಸಿ ಮುಗಿಸಿದ ದಿನವೇ ತೀರ್ಮಾನ ಮಾಡಿದ್ದೆ, ಈ ಜನ್ಮದಲ್ಲಿ ಕರಣೆ, ಬಾಂಡ್ಲಿ, ಲೆವೆಲ್ ಪೈಪ್ ಮುಟ್ಟುವುದಿಲ್ಲ ಅಂತ. ಡಿಪ್ಲೊಮಾ ಮುಗಿದ ಮೇಲೆ ಒಂದೂವರೆ ವರ್ಷ ಪೀಣ್ಯದ ಗೇಟುಗಳನ್ನು ಎಣಿಸಿದೆ. ‘ಎಕ್ಸ್‌ಪೀರಿಯನ್ಸ್ ಇದೆಯಾ?’, ‘ಫೋನ್ ಮಾಡ್ತೀವಿ’. ಇವೆರಡೇ ವಾಕ್ಯ. ಕೊನೆಗೆ ರೂಮ್‌ಮೇಟ್ ಒಬ್ಬನ ಪರಿಚಯದಿಂದ ಈ ಕೆಲಸ ಸಿಕ್ಕಿತು. ತಿಂಗಳಿಗೆ ಹದಿನಾಲ್ಕು ಸಾವಿರ, ಟ್ರಿಪ್ಪಿಗೆ ಹೋದರೆ ಊಟ ಮತ್ತು ಭತ್ಯೆ. ಆಫರ್ ಲೆಟರ್‌ನಲ್ಲಿ ‘ಹೆಲ್ಪರ್’ ಎಂದಿತ್ತು. ಅಪ್ಪನಿಗೆ ಫೋನಿನಲ್ಲಿ ‘ಟೂರಿಸಂ ಕಂಪನಿಲಿ ಟೆಕ್ನಿಕಲ್ ಎಕ್ಸಿಕ್ಯುಟಿವ್’ ಎಂದೆ. ಅಪ್ಪನಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದುದಕ್ಕೇ ಖುಷಿಪಟ್ಟ.

ಗಾಡಿ ಮಟ್ಟಸವಾಗಿ ನಿಲ್ಲದಿದ್ದರೆ ಏನಾಗುತ್ತದೆ ಎಂದು ಮೊದಲ ಟ್ರಿಪ್ಪಿನಲ್ಲೇ ಗೊತ್ತಾಯಿತು. ಕಾರನ್ನು ಓರೆಯಾಗಿ ನಿಲ್ಲಿಸಿದರೆ ಇಳಿದು ಹೋಗುತ್ತೀರಿ, ಕಥೆ ಮುಗಿಯಿತು. ಇಲ್ಲಿ ಜನ ಅದರೊಳಗೇ ಉಳಿಯುತ್ತಾರೆ. ಒಲೆ ಮೇಲಿನ ಬಾಣಲೆಯಲ್ಲಿ ಎಣ್ಣೆಯೆಲ್ಲ ಒಂದು ಕಡೆಗೆ ಸೇರುತ್ತದೆ, ದೋಸೆಯ ಅರ್ಧ ಭಾಗ ಕರಿದಂತೆ, ಇನ್ನರ್ಧ ಸುಟ್ಟಂತೆ. ಕಪಾಟಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ನೀರಿನ ಟ್ಯಾಂಕಿನಲ್ಲಿ ಅರ್ಧ ನೀರಿದ್ದರೂ ಮೀಟರು ಖಾಲಿ ಎನ್ನುತ್ತದೆ, ಯಾಕೆಂದರೆ ಸೆನ್ಸರ್ ಇರುವ ಮೂಲೆ ಮೇಲೆ ಎದ್ದಿರುತ್ತದೆ. ಶವರ್ ನೀರು ಮೋರಿ ಕಡೆ ಹೋಗದೆ ಚಪ್ಪಲಿ ಕಡೆ ಬರುತ್ತದೆ. ಇವೆಲ್ಲ ಸಹಿಸಿಕೊಳ್ಳುವಂಥವು. ಸಹಿಸಲಾಗದ್ದು ನಿದ್ದೆ. ತಲೆ ಕಾಲಿಗಿಂತ ಎರಡು ಮೂರು ಇಂಚು ತಗ್ಗಿನಲ್ಲಿದ್ದರೆ ಅರ್ಧ ರಾತ್ರಿಗೆ ಎದ್ದು ಕೂರುತ್ತೀರಿ. ಪಕ್ಕಕ್ಕೆ ಓರೆಯಿದ್ದರೆ ಇಬ್ಬರು ಮಲಗಿದ ಹಾಸಿಗೆಯಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಉರುಳುತ್ತಾರೆ.

ವಿದೇಶದ ಗಾಡಿಗಳಲ್ಲಿ ಇನ್ನೊಂದು ಕಾಟವೂ ಇದೆಯಂತೆ. ಯೂಟ್ಯೂಬ್ ನೋಡಿ, ಆಮೇಲೆ ಹುಡುಕಿ ಓದಿ ತಿಳಿದುಕೊಂಡದ್ದು. ಅಲ್ಲಿ ಅನೇಕ ಗಾಡಿಗಳಲ್ಲಿ ಗ್ಯಾಸಿನ ಉರಿಯಿಂದಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ ಇರುತ್ತದೆ. ಉರಿಯಿಂದ ತಂಪು! ಅದರಲ್ಲಿ ಕಂಪ್ರೆಸರ್ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ. ಅಮೋನಿಯಾ, ನೀರು, ಹೈಡ್ರೋಜನ್ ಕೊಳವೆಯೊಳಗೇ ಸುತ್ತುತ್ತಿರುತ್ತವೆ. ಕಾಯಿಸಿದಾಗ ಮೇಲೇರಿದ್ದು ತಣಿದ ಮೇಲೆ ತನ್ನ ಭಾರದಿಂದಲೇ ಕೆಳಗಿಳಿಯಬೇಕು. ಗಾಡಿ ಓರೆಯಾಗಿ ನಿಂತರೆ ದ್ರವ ಎಲ್ಲೋ ಒಂದು ಕಡೆ ನಿಂತುಬಿಡುತ್ತದೆ, ಕಾಯುವ ಜಾಗ ಕಾಯುತ್ತಲೇ ಇರುತ್ತದೆ, ಫ್ರಿಜ್ ಹಾಳಾಗುತ್ತದೆ. ಇದನ್ನು 1922ರಲ್ಲಿ ಕಂಡುಹಿಡಿದವರು ಸ್ಟಾಕ್‌ಹೋಮ್‌ನಲ್ಲಿ ಓದುತ್ತಿದ್ದ ಬಾಲ್ಟ್ಸರ್ ಫಾನ್ ಪ್ಲಾಟೆನ್, ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ನಾವು ಆ ವಯಸ್ಸಿನಲ್ಲಿ ಇಂಟರ್ನಲ್ಸ್ ಮಾರ್ಕ್ಸ್‌ಗೆ ಜಗಳವಾಡುತ್ತಿದ್ದೆವು. ನಮ್ಮ ಗಾಡಿಯಲ್ಲಿರುವುದು ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್ ಫ್ರಿಜ್, ಸ್ವಲ್ಪ ಓರೆಯಾದರೂ ಗೊಣಗುವುದಿಲ್ಲ. ದೊಡ್ಡ ಅಮೆರಿಕನ್ ಗಾಡಿಗಳಲ್ಲಂತೂ ಒಂದು ಗುಂಡಿ ಒತ್ತಿದರೆ ಹೈಡ್ರಾಲಿಕ್ ಕಾಲುಗಳು ತಾವೇ ಇಳಿದು ಗಾಡಿಯನ್ನು ಮಟ್ಟ ಮಾಡುತ್ತವೆ. ನಮ್ಮಲ್ಲಿ ಆ ಗುಂಡಿಯ ಜಾಗದಲ್ಲಿ ನಾನಿದ್ದೇನೆ.

ನನಗೆ ಕೆಲಸ ಹೇಳಿಕೊಟ್ಟವನು ಡ್ರೈವರಣ್ಣ. ಅವನ ಪಾಠ ಐದು ನಿಮಿಷದ್ದು. ಮೊದಲು ಎಡ ಬಲ ಸರಿಮಾಡು, ಆಮೇಲೆ ಹಿಂದೆ ಮುಂದೆ. ತಗ್ಗಿರುವ ಚಕ್ರದ ಮುಂದೆ ಹಲಗೆ ಇಡು, ನಾನು ಹತ್ತಿಸ್ತೀನಿ. ಹಿಂದೆ ಜೋಡಿ ಟೈರ್ ಇದೆ, ಹಲಗೆ ಎರಡಕ್ಕೂ ಸಿಗಬೇಕು, ಒಂದೇ ಟೈರಿನ ಮೇಲೆ ಭಾರ ಬಿದ್ರೆ ಅದು ಹೋಯ್ತು ಅಂತ ತಿಳ್ಕೊ. ಹತ್ತಿಸಿದ ಮೇಲೆ ಚಕ್ರಕ್ಕೆ ಕಲ್ಲು ಕೊಡು. ಎಲ್ಲ ಮುಗಿದ ಮೇಲೆ ಮೂಲೆಯ ಸ್ಟೆಬಿಲೈಜರ್ ಕಾಲು ಇಳಿಸು. ‘ಅವು ಗಾಡಿ ಅಲ್ಲಾಡದಂಗೆ ಹಿಡಿಯೋಕೆ ಕಣೋ, ಎತ್ತೋಕಲ್ಲ’ ಎಂದು ಎರಡು ಸಲ ಹೇಳಿದ್ದ. ಅಷ್ಟೂ ಕೇಳಿಸಿಕೊಂಡೆ. ಮಟ್ಟ ನೋಡುವುದಕ್ಕೆ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಊಟದ ಟೇಬಲ್ ಮೇಲೆ ಫೋನ್ ಇಟ್ಟರೆ ಡಿಗ್ರಿ ತೋರಿಸುತ್ತಿತ್ತು. ಸೊನ್ನೆ ಬಂದರೆ ಮುಗಿಯಿತು. ಗೋಕರ್ಣ, ಹಂಪಿ, ಸಕಲೇಶಪುರ ಎಲ್ಲ ಹೀಗೇ ಕಳೆಯಿತು. ಅಲ್ಲೆಲ್ಲ ನೆಲ ಹೆಚ್ಚು ತೊಂದರೆ ಕೊಡಲಿಲ್ಲ, ಅಥವಾ ಬಂದವರು ದೂರು ಹೇಳುವ ಜನವಾಗಿರಲಿಲ್ಲ.

ಡಿಸೆಂಬರಿನಲ್ಲಿ ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿಗೆ ಹೋದೆವು. ಮಗ, ಸೊಸೆ, ಮೊಮ್ಮಗಳು, ಮತ್ತು ಎಪ್ಪತ್ತು ದಾಟಿದ ಅಜ್ಜಿ. ಎಸ್ಟೇಟಿನಲ್ಲಿ ಒಂದೇ ಒಂದು ಮಟ್ಟಸವಾದ ಜಾಗವೆಂದರೆ ಕಾಫಿ ಕಣ. ಹಿಂದೊಮ್ಮೆ ಬಂದಾಗ ಅಲ್ಲೇ ನಿಂತಿದ್ದೆವು. ಈ ಸಲ ಕೊಯ್ಲು ಶುರುವಾಗಿತ್ತು, ಕಣದ ತುಂಬ ಹಣ್ಣು ಹರಡಿತ್ತು. ಎಸ್ಟೇಟಿನ ರೈಟರ್ ಕೈ ಮುಗಿದು, ‘ಈ ಕಣ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ನಿಲ್ಲಿಸ್ಕೊಳಿ’ ಎಂದರು. ಎಲ್ಲಿ ಬೇಕಾದರೂ ಎಂದರೆ ಮಲೆನಾಡಿನಲ್ಲಿ ಎಲ್ಲವೂ ಇಳಿಜಾರೇ. ಕಣದ ಕೆಳಗೆ, ಸಿಲ್ವರ್ ಓಕ್ ಮರಗಳ ನಡುವೆ ಒಂದು ಬಯಲು ಸಿಕ್ಕಿತು. ಗಾಡಿಯ ಮೂತಿ ಉತ್ತರಕ್ಕೆ, ಏರಿನ ಕಡೆ. ಹಿಂಭಾಗ ದಕ್ಷಿಣಕ್ಕೆ, ತಗ್ಗಿನ ಕಡೆ. ಕತ್ತಲಾಗುತ್ತಿತ್ತು. ಇದ್ದ ನಾಲ್ಕು ಹಲಗೆ ಹಾಕಿ ಹತ್ತಿಸಿದೆವು. ಆ್ಯಪ್ ನೋಡಿದೆ. ಸೊನ್ನೆ ಬರದಿದ್ದರೂ ಹತ್ತಿರ ಇತ್ತು. ಡ್ರೈವರಣ್ಣ ಎಸ್ಟೇಟಿನವರೊಬ್ಬರ ಬೈಕು ಹತ್ತಿ ಊಟ ತರಲು ಮೂಡಿಗೆರೆಗೆ ಹೋದ.

ಅರ್ಧ ಗಂಟೆಯಲ್ಲಿ ದೂರು ಶುರು. ಮೊದಲು ಸೊಸೆ ಕರೆದರು, ಬಾತ್‌ರೂಮಿನ ನೀರು ಹೊರಗೆ ಬರ್ತಿದೆ. ಹೋಗಿ ಒರೆಸಿದೆ. ಆಮೇಲೆ ಅಜ್ಜಿ. ಹಿಂದಿನ ಹಾಸಿಗೆಯಲ್ಲಿ ತಲೆ ಹಿಂದಕ್ಕೆ ಇಟ್ಟು ಮಲಗಿದ್ದರು.

‘ಏನಪ್ಪಾ, ತಲೆಗೆಲ್ಲ ರಕ್ತ ಬಂದಂಗಾಗ್ತಿದೆ. ಇದು ಹಾಸಿಗೆಯೋ ಜಾರುಬಂಡೆಯೋ?’

‘ಅಮ್ಮಾ, ದಿಂಬು ಈ ಕಡೆ ಹಾಕ್ಕೊಡ್ತೀನಿ, ತಲೆ ಮುಂದಕ್ಕೆ ಮಾಡಿ ಮಲಗಿ.’

‘ಮುಂದೆ ಯಾವ ದಿಕ್ಕು?’

ನನಗೆ ಬುದ್ಧಿ ಇದ್ದಿದ್ದರೆ ಸುಳ್ಳು ಹೇಳಬಹುದಿತ್ತು. ‘ಉತ್ತರ’ ಎಂದೆ.

‘ಉತ್ತರಕ್ಕೆ ತಲೆ ಹಾಕಿ ನಾನು ಮಲಗ್ತೀನಾ? ಇನ್ನೂ ಟೈಮಿದೆ ಬಿಡು ನಂಗೆ’ ಎಂದು ಅಜ್ಜಿ ಎದ್ದು ಕೂತರು. ಮಗ ಹೊರಗೆ ಬಂದು, ದಿನಕ್ಕೆ ಎಷ್ಟು ಬಾಡಿಗೆ ಕೊಡುತ್ತಿದ್ದೇವೆ ಎಂಬ ಲೆಕ್ಕ ಶುರುಮಾಡಿದರು.

ಡ್ರೈವರಣ್ಣ ಬರುವವರೆಗೆ ಕಾಯಬೇಕಿತ್ತು. ಕಾಯಲಿಲ್ಲ. ಡಿಪ್ಲೊಮಾ ಓದಿದವನು ನಾನು, ಒಂದು ಗಾಡಿಯ ಹಿಂಭಾಗ ಎತ್ತುವುದು ಎಷ್ಟರ ಕೆಲಸ? ಗಾಡಿಯಲ್ಲಿ ಎರಡು ಬಾಟಲ್ ಜಾಕ್ ಇದ್ದವು. ಒಂದೊಂದೇ ಎತ್ತಿದರೆ ತಡ, ಎರಡೂ ಬದಿಗೆ ಒಂದೊಂದು ಕೊಟ್ಟು ಸರದಿಯಲ್ಲಿ ಏರಿಸಿದರೆ ಹಿಂದಿನ ಆ್ಯಕ್ಸಲ್ ಪೂರ್ತಿ ಮೇಲೆ ಬರುತ್ತದೆ, ಕೆಳಗೆ ಇನ್ನಷ್ಟು ಹಲಗೆ ತುರುಕಿ ಇಳಿಸಿದರಾಯಿತು. ‘ಎಲ್ಲರೂ ಇಳೀರಿ’ ಎಂದೆ. ಮೂವರು ಇಳಿದರು. ಅಜ್ಜಿಗೆ ಚಳಿ, ಮಂಡಿ ನೋವು. ‘ನಾನು ಇಲ್ಲೇ ಇರ್ತೀನಿ, ನೀನು ಮಾಡು’ ಎಂದರು. ‘ಪರವಾಗಿಲ್ಲ ಇರಿ’ ಎಂದವನು ನಾನೇ.

ಹ್ಯಾಂಡ್‌ಬ್ರೇಕ್ ಹಾಕಿತ್ತು. ಮೊದಲ ಗೇರಿನಲ್ಲೇ ನಿಲ್ಲಿಸಿತ್ತು. ಸಾಕಲ್ಲ ಎಂದುಕೊಂಡೆ. ಇಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕು, ಯಾಕೆಂದರೆ ಆಟೊಮೊಬೈಲ್ ಪೇಪರಿನಲ್ಲಿ ಹ್ಯಾಂಡ್‌ಬ್ರೇಕಿನ ಚಿತ್ರ ಬರೆದು ಅಂಕ ತೆಗೆದವನು ನಾನು. ನಮ್ಮ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಎಂಜಿನ್ ತಿರುಗಿಸುವುದೂ ಹಿಂದಿನ ಚಕ್ರಗಳನ್ನೇ, ಹಾಗಾಗಿ ಗೇರಿನ ಹಿಡಿತವೂ ಅಲ್ಲೇ. ಆ ಎರಡು ಚಕ್ರಗಳು ನೆಲ ಬಿಟ್ಟು ಮೇಲೆದ್ದ ಕ್ಷಣದಲ್ಲಿ ಗಾಡಿಯನ್ನು ಹಿಡಿದಿರುವುದು ಯಾವುದೂ ಇಲ್ಲ. ಮುಂದಿನ ಎರಡು ಚಕ್ರ ಸರಾಗವಾಗಿ ಉರುಳುತ್ತವೆ. ಮೂತಿ ಏರಿನ ಕಡೆ, ಇಡೀ ಗಾಡಿ ಎರಡು ಜಾಕಿನ ತುದಿಯ ಮೇಲೆ. ಮುಂದಿನ ಚಕ್ರಗಳ ಹಿಂದೆ ಎರಡು ಕಲ್ಲು ಇಟ್ಟಿದ್ದರೆ ಸಾಕಿತ್ತು. ಇಟ್ಟಿರಲಿಲ್ಲ.

ಚಕ್ರ ಮೇಲೆದ್ದಿತು. ಹಲಗೆ ತೆಗೆದುಕೊಳ್ಳಲು ಬಗ್ಗಿದೆ. ‘ಕಟ್’ ಎಂಬ ಒಂದು ಸದ್ದು. ಜಾಕ್ ಓರೆಯಾದದ್ದು ಕಣ್ಣಿಗೆ ಕಂಡಿತು. ಮರುಕ್ಷಣ ಗಾಡಿ ಹಿಂದಕ್ಕೆ ಜಾರಿ ಧೊಪ್ಪೆಂದು ಕೂತಿತು. ಹಿಂದಿನ ಚಕ್ರಗಳು ನೆಲಕ್ಕೆ ತಾಗಿದ್ದರಿಂದ ಹ್ಯಾಂಡ್‌ಬ್ರೇಕ್ ಮತ್ತೆ ಹಿಡಿಯಿತು. ಜಾರಿದ್ದು ಅರ್ಧ ಅಡಿ ಅಷ್ಟೇ. ನನ್ನ ಕೈ ಹಲಗೆಯ ಮೇಲಿತ್ತು, ಚಕ್ರದಿಂದ ಒಂದು ಗೇಣು ದೂರದಲ್ಲಿ. ಒಳಗೆ ಪಾತ್ರೆ ಬಿದ್ದ ಸದ್ದು. ಆಮೇಲೆ ಮೌನ. ಆ ಮೌನ ಎಷ್ಟು ಹೊತ್ತಿತ್ತೋ ನನಗೆ ಹೇಳಲಾಗದು.

‘ಏನಪ್ಪಾ, ಭೂಕಂಪವಾ?’ ಎಂದು ಅಜ್ಜಿಯ ದನಿ ಬಂದಾಗ ನಾನು ನೆಲದ ಮೇಲೆ ಕೂತುಬಿಟ್ಟಿದ್ದೆ.

ಅಜ್ಜಿಯ ಮೊಣಕೈ ಕಪಾಟಿಗೆ ತಾಗಿ ಕೆಂಪಾಗಿತ್ತು. ಬೇರೇನೂ ಆಗಿರಲಿಲ್ಲ. ಗಾಡಿಯ ಕೆಳಗಿನ ಬಳಕೆ ನೀರಿನ ಪೈಪ್ ಮುರಿದಿತ್ತು. ಮಗ ಬೈದದ್ದನ್ನು ಇಲ್ಲಿ ಬರೆಯಲಾಗದು, ಆದರೆ ಅದರಲ್ಲಿ ಒಂದೂ ತಪ್ಪು ಮಾತಿರಲಿಲ್ಲ. ಡ್ರೈವರಣ್ಣ ಬಂದು ನೋಡಿದ. ಬೈಯಲಿಲ್ಲ. ಜಾಕ್ ಎತ್ತಿ ನೋಡಿ, ನನ್ನ ಮುಖ ನೋಡಿ, ‘ಕೈ ಇದೆಯಲ್ಲ, ಹೋಗಿ ನೀರು ಕುಡಿ’ ಎಂದ.

ನೆಟ್‌ವರ್ಕ್ ಸಿಗುತ್ತಿದ್ದುದು ಮೇಲೆ ಕಣದಲ್ಲಿ ಮಾತ್ರ. ಹತ್ತಿ ಹೋಗಿ ಅಪ್ಪನಿಗೆ ಫೋನ್ ಮಾಡಿದೆ. ಯಾಕೆ ಮಾಡಿದೆ ಗೊತ್ತಿಲ್ಲ. ಕೆಲಸ ಹೋಗುತ್ತದೆ, ಮುಂದಿನ ವಾರ ಊರಿಗೆ ಬರುತ್ತೇನೆ ಎಂದು ಹೇಳಲಿಕ್ಕೆ ಇರಬೇಕು. ಹೇಳುತ್ತಾ ಹೇಳುತ್ತಾ ಎಲ್ಲವೂ ಬಂತು. ಎಕ್ಸಿಕ್ಯುಟಿವ್ ಅಲ್ಲ ಹೆಲ್ಪರ್, ಟ್ಯಾಂಕ್ ತೊಳೆಯುವುದು, ಜಾಕ್, ಅಜ್ಜಿ. ಅಪ್ಪ ಸುಮ್ಮನೆ ಕೇಳಿಸಿಕೊಂಡ. ಕೊನೆಗೆ ಅವನು ಕೇಳಿದ್ದು ಒಂದೇ.

‘ನೆಲ ಅಳ್ದಿದ್ದಾ?’

‘ಫೋನಲ್ಲಿ ನೋಡ್ದೆ ಅಪ್ಪ, ಗಾಡಿ ಒಳಗೆ, ಟೇಬಲ್ ಮೇಲೆ.’

‘ಗಾಡಿ ತಂದು ನಿಲ್ಸಿ ಆಮ್ಯಾಲೆ ಅಳ್ದೆ ಅನ್ನು. ಮನೆ ಕಟ್ಟಿ ಆಮ್ಯಾಲೆ ಪಾಯ ಅಳೀತಾರೇನ್ಲಾ? ಗಾಡಿ ಆಚೆ ತಗಿ. ಚಕ್ರ ಎಲ್ಲೆಲ್ಲಿ ಬರ್ತವೋ ಅಲ್ಲಿಗೆ ನಾಕು ಗೂಟ ಹೊಡಿ. ಲೆವೆಲ್ ಪೈಪ್ ಹಾಕು. ಯಾವ ಚಕ್ರಕ್ಕೆ ಎಷ್ಟು ಅಂತ ಬರ್ಕೋ. ಆಮ್ಯಾಲೆ ಒಂದೇ ಸಲ ಹತ್ಸು.’

‘ಇಲ್ಲಿ ಲೆವೆಲ್ ಪೈಪ್ ಎಲ್ಲಿಂದ ತರ್ಲಿ?’

‘ಮನುಷ್ಯರು ಇರೋ ಕಡೆ ಗಾರೆ ಕೆಲಸ ಇರ್ತೈತೆ. ಕೇಳು.’

ಇತ್ತು. ಎಸ್ಟೇಟಿನ ಲೈನ್ ಮನೆಗಳ ರಿಪೇರಿ ನಡೆಯುತ್ತಿತ್ತು. ರೈಟರ್ ಶೆಡ್ಡಿನ ಬೀಗ ತೆಗೆಸಿ ಸುತ್ತಿಟ್ಟಿದ್ದ ಪಾರದರ್ಶಕ ಪೈಪ್ ತಂದುಕೊಟ್ಟರು. ಜತೆಗೆ ಗುದ್ದಲಿ, ಸುತ್ತಿಗೆ, ಸಿಲ್ವರ್ ಓಕಿನ ಒಂದೂಕಾಲು ಇಂಚಿನ ಹಲಗೆ ತುಂಡುಗಳು. ನೀರು ತುಂಬಿಸುವಾಗ ಪೈಪಿನೊಳಗೆ ಗಾಳಿ ಗುಳ್ಳೆ ಉಳಿಯಬಾರದು, ಉಳಿದರೆ ಎರಡು ತುದಿಯ ನೀರು ಒಂದೇ ಮಟ್ಟಕ್ಕೆ ಬರುವುದಿಲ್ಲ. ಇದನ್ನು ಯಾರೂ ನನಗೆ ಹೇಳಬೇಕಾಗಲಿಲ್ಲ. ಹತ್ತು ವರ್ಷದ ಹಿಂದೆ ಬೈಸಿಕೊಂಡದ್ದು ಕೈಗೆ ನೆನಪಿತ್ತು.

ಗಾಡಿಯನ್ನು ಎರಡಡಿ ಹಿಂದಕ್ಕೆ ತೆಗೆಸಿ, ಈ ಸಲ ಎಲ್ಲ ಚಕ್ರಕ್ಕೂ ಕಲ್ಲು ಕೊಟ್ಟು, ಮುಂದೆ ಚಕ್ರ ಬರಬೇಕಾದ ನಾಲ್ಕು ಜಾಗಕ್ಕೆ ಗೂಟ ಹೊಡೆದೆ. ಪೈಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಆ ಮೊಮ್ಮಗಳ ಕೈಯಲ್ಲಿ. ಆರನೇ ಕ್ಲಾಸಿನ ಹುಡುಗಿ, ನನಗಿಂತ ಚೆನ್ನಾಗಿ ಹಿಡಿದಳು. ಲೆಕ್ಕ ಹೀಗೆ ಬಂತು. ಮುಂದಿನ ಎಡ ಚಕ್ರದ ಜಾಗ ಎಲ್ಲಕ್ಕಿಂತ ಎತ್ತರ. ಅದಕ್ಕಿಂತ ಮುಂದಿನ ಬಲ ಒಂದೂವರೆ ಇಂಚು ತಗ್ಗು. ಹಿಂದಿನ ಎಡ ಆರೂವರೆ ಇಂಚು ತಗ್ಗು. ಹಿಂದಿನ ಬಲ ಎಂಟು ಇಂಚು. ಆರಡಿ ಹಾಸಿಗೆಯಲ್ಲಿ ಅಜ್ಜಿಯ ತಲೆ ಕಾಲಿಗಿಂತ ಮೂರೂವರೆ ಇಂಚು ಕೆಳಗಿರಬೇಕಾದ ನೆಲ ಅದು. ನಾವು ಹಾಕಿದ್ದ ನಾಲ್ಕು ಹಲಗೆಯಿಂದ ಸ್ವಲ್ಪ ಕಡಿಮೆಯಾಗಿತ್ತು ಅಷ್ಟೇ.

ಮತ್ತೆ ಕಣಕ್ಕೆ ಹತ್ತಿದೆ. ‘ಅಪ್ಪ, ಎಂಟು ಇಂಚು ಹಲಗೆ ಪೇರಿಸಿದ್ರೆ ಗಾಡಿ ಹತ್ತಲ್ಲ, ಹತ್ತಿದ್ರೂ ಜಾರುತ್ತೆ.’

‘ಎಲ್ಲಾ ಎತ್ತರ ಮಾಡು ಅಂತ ಯಾರ್ ಹೇಳಿದ್ರು? ಅರ್ಧ ಕಡಿ, ಅರ್ಧ ತುಂಬು. ಮಣ್ಣು ಎಂಥದ್ದು?’

‘ಗಟ್ಟಿ. ಕೆಂಪು ಮಣ್ಣು, ಒಣಗಿದೆ.’

‘ಹಂಗಾದ್ರೆ ಮುಂದಿನ ಚಕ್ರಕ್ಕೆ ಗುಂಡಿ ತಗಿ. ಮೆತ್ತಗಿದ್ರೆ ಬ್ಯಾಡ, ಹೂತ್ಕೊಂತದೆ. ಬೆಳಿಗ್ಗೆ ಆಚೆ ಬರಬೇಕಲ್ಲ, ಗುಂಡಿ ಹಿಂದಿನ ಅಂಚು ಇಳಿಜಾರು ಮಾಡು.’

ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಹುಡುಗರು ಇದನ್ನು ‘ಕಟ್ ಆ್ಯಂಡ್ ಫಿಲ್’ ಎಂದು ಓದುತ್ತಾರೆ. ರಸ್ತೆ, ರೈಲು ಹಳಿ ಎಲ್ಲ ಹಾಕುವುದು ಹೀಗೇ. ಮುಂದಿನ ಎಡಕ್ಕೆ ನಾಲ್ಕು ಇಂಚು ಗುಂಡಿ, ಮುಂದಿನ ಬಲಕ್ಕೆ ಎರಡೂವರೆ. ಹಿಂದಿನ ಎಡಕ್ಕೆ ಎರಡೂವರೆ ಇಂಚು ಏರಿಸಬೇಕು, ಅಂದರೆ ಎರಡು ಹಲಗೆ. ಹಿಂದಿನ ಬಲಕ್ಕೆ ನಾಲ್ಕು ಇಂಚು, ಅಂದರೆ ಮೂರು ಹಲಗೆ, ಕಾಲು ಇಂಚು ಕಡಿಮೆ. ಕೂಡಿಸಿ ಕಳೆದು ನೋಡಿ, ನಾಲ್ಕೂ ಒಂದೇ ಮಟ್ಟಕ್ಕೆ ಬರುತ್ತವೆ. ಹಲಗೆಗಳನ್ನು ಮೆಟ್ಟಿಲಿನಂತೆ ಒಂದರ ಮೇಲೊಂದು ಸ್ವಲ್ಪ ಸರಿಸಿ ಜೋಡಿಸಿದೆ, ಚಕ್ರ ಒಂದೇ ಸಲಕ್ಕೆ ಹಾರದೆ ಹಂತ ಹಂತವಾಗಿ ಏರಲಿ ಎಂದು. ಗುದ್ದಲಿ ಹಿಡಿದು ಗುಂಡಿ ತೆಗೆಯುವಾಗ ಅಂಗೈ ಬೊಬ್ಬೆ ಬಂತು. ಅಪ್ಪನ ಅಂಗೈ ಯಾಕೆ ಹಾಗಿದೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ.

ಈ ಸಲ ಅಜ್ಜಿಯನ್ನೂ ಇಳಿಸಿದೆವು. ರೈಟರ್ ಮನೆಯಿಂದ ಕುರ್ಚಿ ಬಂತು, ಬೆಂಕಿ ಹಾಕಿದರು, ಶಾಲು ಹೊದ್ದು ಕೂತ ಅಜ್ಜಿ ಮೇಲ್ವಿಚಾರಕರಂತೆ ನೋಡುತ್ತಿದ್ದರು. ಡ್ರೈವರಣ್ಣ ಮೊದಲ ಗೇರಿನಲ್ಲಿ ಕ್ಲಚ್ ಬಿಡುತ್ತಾ ಹತ್ತಿಸಿದ. ನಾನು ಪಕ್ಕದಲ್ಲಿ ನಿಂತು, ಹಿಂದೆಯೂ ಅಲ್ಲ ಮುಂದೆಯೂ ಅಲ್ಲ, ‘ಬರ್ಲಿ ಬರ್ಲಿ ಬರ್ಲಿ... ಹೋಲ್ಡ್’. ಎರಡಡಿಯ ಪ್ರಯಾಣ. ಮುಂದಿನ ಚಕ್ರ ಗುಂಡಿಗಿಳಿಯಿತು, ಹಿಂದಿನದು ಹಲಗೆ ಏರಿತು. ಹ್ಯಾಂಡ್‌ಬ್ರೇಕ್, ಕಲ್ಲು, ಆಮೇಲೆ ಸ್ಟೆಬಿಲೈಜರ್ ಕಾಲು. ಒಳಗೆ ಹೋಗಿ ಒಂದು ತಟ್ಟೆಗೆ ನೀರು ಹಾಕಿ ನೆಲದ ಮೇಲಿಟ್ಟು ನೋಡಿದೆ. ಫೋನ್ ಜೇಬಿನಿಂದ ತೆಗೆಯಲಿಲ್ಲ.

ರಾತ್ರಿ ಹನ್ನೊಂದಾಗಿತ್ತು. ಅಜ್ಜಿ ದಕ್ಷಿಣಕ್ಕೆ ತಲೆ ಹಾಕಿ ಮಲಗಿದರು. ಬೆಳಿಗ್ಗೆ ಏಳೂವರೆಯಾದರೂ ಏಳಲಿಲ್ಲ. ನನಗೇ ಗಾಬರಿಯಾಗಿ ಸೊಸೆಯವರನ್ನು ಎರಡು ಸಲ ಕೇಳಿದೆ. ಎದ್ದು ಬಂದವರು ಮೊಣಕೈ ತೋರಿಸಿ, ‘ಇದು ನಿನ್ನ ಕಾಣಿಕೆ’ ಎಂದರು. ಆಮೇಲೆ ಬ್ಯಾಗಿನಿಂದ ಕೋಡುಬಳೆ ಕೊಟ್ಟರು. ಹೊರಡುವ ಮುನ್ನ ಗುಂಡಿ ಮುಚ್ಚಿ ಮಣ್ಣು ತುಳಿದು ಮಟ್ಟ ಮಾಡಿಕೊಡಬೇಕೆಂದು ರೈಟರ್ ಹೇಳಿದರು. ನ್ಯಾಯವೇ.

ಬೆಂಗಳೂರಿಗೆ ಬಂದ ಮೇಲೆ ಪೈಪಿನ ಖರ್ಚು ಆರು ಸಾವಿರ ನನ್ನ ಸಂಬಳದಲ್ಲಿ ಮೂರು ಕಂತಿಗೆ ಹಿಡಿದರು. ಕೆಲಸದಿಂದ ತೆಗೆಯಲಿಲ್ಲ. ಡ್ರೈವರಣ್ಣ ಏನು ಹೇಳಿದನೋ ನನಗೆ ಇವತ್ತಿಗೂ ಹೇಳಿಲ್ಲ.

ವಾರದ ನಂತರ ತಿಪಟೂರಿನಿಂದ ಬಂದ ನಮ್ಮೂರವನೊಬ್ಬನ ಕೈಲಿ ಒಂದು ಪೊಟ್ಟಣ ಬಂತು. ಪಂಚೆಯ ತುಂಡಿನಲ್ಲಿ ಸುತ್ತಿದ್ದ ಅಪ್ಪನ ಹಳೆಯ ರಸಮಟ್ಟ. ಮರದ್ದು, ಅಂಚು ಸವೆದದ್ದು, ಗಾಜಿನೊಳಗಿನ ಗುಳ್ಳೆ ಮಾತ್ರ ಹೊಚ್ಚ ಹೊಸದರಂತೆ. ಫೋನ್ ಮಾಡಿದರೆ, ‘ನಂಬಬ್ಯಾಡ, ಮದ್ಲು ತಿರುಗಿಸಿ ನೋಡು’ ಎಂದ. ಅಂದರೆ, ಒಂದು ಕಡೆ ಇಟ್ಟು ಗುಳ್ಳೆ ಎಲ್ಲಿದೆ ನೋಡಬೇಕು. ಆಮೇಲೆ ಅದೇ ಜಾಗದಲ್ಲಿ ಎಡ ಬಲ ತುದಿ ಅದಲು ಬದಲು ಮಾಡಿ ಇಡಬೇಕು. ಗುಳ್ಳೆ ಎರಡು ಸಲವೂ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತರೆ ಉಪಕರಣ ಸರಿ. ಆ ಕಡೆಯಿಂದ ಈ ಕಡೆಗೆ ಹಾರಿದರೆ ತಪ್ಪು ನೆಲದ್ದಲ್ಲ, ಉಪಕರಣದ್ದು. ಅಪ್ಪನದು ಕದಲಲಿಲ್ಲ. ಅದೇ ಪರೀಕ್ಷೆಯನ್ನು ಫೋನಿಗೆ ಮಾಡಿದೆ. ಫೋನ್ ಒಂದೂವರೆ ಡಿಗ್ರಿ ಸುಳ್ಳು ಹೇಳುತ್ತಿತ್ತು! ಹಿಂಬದಿಯ ಕ್ಯಾಮೆರಾ ಉಬ್ಬಿಕೊಂಡಿರುವುದರಿಂದ ಫೋನ್ ಎಲ್ಲಿಟ್ಟರೂ ಓರೆಯಾಗಿಯೇ ಕೂರುತ್ತಿತ್ತು. ಅದಕ್ಕೂ ಮೇಲೆ, ನಾನು ಇಡುತ್ತಿದ್ದ ಊಟದ ಟೇಬಲ್ಲೇ ಗಾಡಿಯ ನೆಲಕ್ಕೆ ಸಮನಾಗಿರಲಿಲ್ಲ, ಮಡಚುವ ಟೇಬಲ್ ಅದು. ಅಷ್ಟು ತಿಂಗಳು ಸೊನ್ನೆ ಸೊನ್ನೆ ಎಂದು ಬೀಗುತ್ತಿದ್ದದ್ದು ಯಾವ ಸೊನ್ನೆಯೋ.

ಈಗ ನನ್ನ ಚೀಲದಲ್ಲಿ ಮೂವತ್ತು ಅಡಿ ಲೆವೆಲ್ ಪೈಪ್, ರಸಮಟ್ಟ, ನಾಲ್ಕು ಗೂಟ, ಒಂದು ನೋಟ್‌ಬುಕ್ ಇವೆ. ಹೋದ ಕಡೆಯೆಲ್ಲ ನಾಲ್ಕು ಚಕ್ರದ ಲೆಕ್ಕ ಬರೆದಿಡುತ್ತೇನೆ. ಅದೇ ಜಾಗಕ್ಕೆ ಮತ್ತೆ ಹೋದರೆ ಅಳೆಯುವ ಕೆಲಸವಿಲ್ಲ. ಲೆಕ್ಕಕ್ಕೊಂದು ಸುಲಭ ಸೂತ್ರವೂ ಸಿಕ್ಕಿದೆ. ಒಂದು ಡಿಗ್ರಿ ಓರೆ ಎಂದರೆ ಮೀಟರಿಗೆ ಸುಮಾರು ಒಂದೂಮುಕ್ಕಾಲು ಸೆಂಟಿಮೀಟರ್. ಕಾಲೇಜಿನಲ್ಲಿ ಟ್ರಿಗ್ನಾಮೆಟ್ರಿ ಯಾಕೆ ಎಂದು ಕೇಳುತ್ತಿದ್ದ ಗೆಳೆಯರಿಗೆ ಈಗ ಉತ್ತರ ಹೇಳಬಲ್ಲೆ, ಆದರೆ ಅವರಲ್ಲಿ ಯಾರೂ ಕೇಳುತ್ತಿಲ್ಲ. ಹೊಸ ಗಾಡಿಗಳನ್ನು ಕಟ್ಟುವ ವರ್ಕ್‌ಶಾಪಿಗೂ ವಾರಕ್ಕೆರಡು ದಿನ ಕಳಿಸುತ್ತಾರೆ. ಪೀಣ್ಯದಲ್ಲಿ ಹಿಂದೆ ‘ಫೋನ್ ಮಾಡ್ತೀವಿ’ ಎಂದಿದ್ದ ಒಂದು ಕಡೆಯಿಂದ ಮೊನ್ನೆ ನಿಜಕ್ಕೂ ಫೋನ್ ಬಂತು. ಹೋಗಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ.

ಕಳೆದ ತಿಂಗಳು ಅಪ್ಪ ಬೆಂಗಳೂರಿಗೆ ಬಂದಿದ್ದ. ಗಾಡಿ ನಿಲ್ಲಿಸುವ ಯಾರ್ಡಿಗೆ ಕರೆದುಕೊಂಡು ಹೋದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹತ್ತಿದ. ಹಾಸಿಗೆ ಮುಟ್ಟಿದ, ಫ್ರಿಜ್ ತೆಗೆದು ಹಾಕಿದ. ಟಾಯ್ಲೆಟ್ ಬಾಗಿಲು ತೆರೆದು, ‘ಇದನ್ನೇನಾ ನೀನು ತೊಳಿಯೋದು?’ ಎಂದ. ಹೂಂ ಎಂದೆ. ‘ಚೆನ್ನಾಗಿ ಇಟ್ಟಿದ್ದೀಯ’ ಎಂದ. ಆಮೇಲೆ ನನ್ನ ಚೀಲದಿಂದ ರಸಮಟ್ಟ ತೆಗೆದು ನೆಲದ ಮೇಲಿಟ್ಟು, ಕನ್ನಡಕ ಮೂಗಿಗಿಳಿಸಿ ಬಗ್ಗಿ ನೋಡಿದ. ತಿರುಗಿಸಿ ಇಟ್ಟು ಮತ್ತೆ ನೋಡಿದ.

‘ಒಂದು ನೂಲು ಎಡಕ್ಕೆ ಇಳಿದೈತೆ.’

‘ಅಷ್ಟು ಪರವಾಗಿಲ್ಲ ಬಿಡಪ್ಪ. ಮಲಗೋರಿಗೆ ಗೊತ್ತಾಗಲ್ಲ.’

‘ಬಚ್ಚಲು ನೀರು ಯಾವ ಕಡೆ ಹೋಗಬೇಕು?’

‘ಮೋರಿ ಎಡಗಡೆಗೇ ಇದೆ.’

‘ಹಂಗಾದ್ರೆ ಒಂದು ನೂಲು ಎಡಕ್ಕೇ ಇರ್ಲಿ. ಪೂರ್ತಿ ಮಟ್ಟ ಮಾಡಬ್ಯಾಡ. ನೀರಿಗೆ ವಾಟ ಬೇಕಲ್ಲ.’

ಅಂದಿನಿಂದ ನಮ್ಮ ಗಾಡಿ ಎಲ್ಲಿ ನಿಂತರೂ ಒಂದು ನೂಲು ಎಡಕ್ಕೆ. ಬಾತ್‌ರೂಮಿನ ನೀರು ಹೊರಗೆ ಬಂತೆಂದು ಇಲ್ಲಿಯವರೆಗೆ ಯಾರೂ ಕರೆದಿಲ್ಲ.